ಅಕ್ಕನ ಅಡ್ಡಗಲ್ಲು

ಅಕ್ಕನ ಹೆಸರಿನಲ್ಲಿ ಕಟ್ಟಿದ ಕಟ್ಟೆಯನ್ನು ಒಡೆಯಬೇಕೆಂದು ನಾನು ಸಭೆಯಲ್ಲಿ ಹೇಳಿದೆ. ಹೈದರಾಬಾದಿನ ಹಿಮಾಯತ್‌ನಗರದ ಒಂದು ಮಹಡಿಯ ಕೋಣೆಯಲ್ಲಿ ಹದಿನೈದು ಜನ ಕುಳಿತಿದ್ದರು. ಎಲ್ಲರೂ ನನಗಿಂತ ಚಿಕ್ಕವರು. ಮೈಸೂರಿನ ಯಶವಂತ, ನಮ್ಮ ಸಂಘದ ಮುಖ್ಯಸ್ಥ, ಕನ್ನಡಕ ತೆಗೆದು ಒರೆಸಿದ.

"ಸಾರ್, ಅದು ನಿಮ್ಮ ಅಕ್ಕನವರ ನೆನಪಿಗೇ ಕಟ್ಟಿದ್ದು" ಎಂದ.

"ಅದಕ್ಕ ಒಡೀಬೇಕು" ಎಂದೆ.

ನಮ್ಮದು ಕಾಲುದಾರಿಯನ್ನು ನೋಡಿಕೊಳ್ಳುವವರ ಸಂಘ. ಹೈದರಾಬಾದಿನ ಪಡುವಣ ಅಂಚಿನಿಂದ ಬೀದರಿನ ನರಸಿಂಹನವರೆಗೆ ನೂರಾಮೂವತ್ತು ಕಿಲೋಮೀಟರು ದಾರಿ. ಹಿಂದೆ ಹರಕೆ ಹೊತ್ತವರು ನಡೆದು ಹೋಗುತ್ತಿದ್ದರು. ಬಸ್ಸುಗಳು ಬಂದ ಮೇಲೆ ಜಾಲಿ ಬೆಳೆದು ಮುಚ್ಚಿಹೋಗಿತ್ತು. ಹದಿಮೂರು ವರ್ಷದ ಕೆಳಗೆ ಕೆಲವರು ಸೇರಿ ಅದನ್ನು ಬಿಡಿಸಿದರು. ಈಗ ಮಾಘ ಮಾಸದಲ್ಲಿ ಹರಕೆಯವರು ಬರಿಗಾಲಿನಲ್ಲಿ ನಡೆಯುತ್ತಾರೆ. ಉಳಿದ ದಿನಗಳಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡ ಹುಡುಗ ಹುಡುಗಿಯರು ನಡೆಯುತ್ತಾರೆ. ದಾರಿಯನ್ನು ಪಾಲು ಮಾಡಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಪಾಲು ಬರೆದಿದ್ದಾರೆ. ಜಾಲಿ ಸವರುವುದು, ಕಲ್ಲಿಗೆ ಗುರುತು ಬಳಿಯುವುದು, ಮಳೆಗೆ ಮುಂಚೆ ನೀರಿನ ದಾರಿ ಬಿಡಿಸುವುದು, ಎಲ್ಲವೂ ಆ ಪಾಲಿನವರ ಹೊಣೆ. ಕೂಲಿ ಇಲ್ಲ, ಸಂಬಳ ಇಲ್ಲ.

ನನ್ನ ಅಕ್ಕ ಸಾವಿತ್ರಿಬಾಯಿಯ ಪಾಲು ಎರ್ರಗುಟ್ಟ. ಅದು ಕೆಂಪು ಗರಸಿನ ಗುಡ್ಡ. ಎರಡೂವರೆ ಕಿಲೋಮೀಟರು ಏರಿ ಇಳಿಯಬೇಕು. ನೆತ್ತಿಯ ಮೇಲೆ ಒಂದು ಬಂಡೆ, ಬಂಡೆಯಲ್ಲಿ ಮೊಳದುದ್ದದ ನರಸಿಂಹ. ಎಲ್ಲಕ್ಕಿಂತ ಕಷ್ಟದ ಪಾಲು ಅದೇ. ಬೇರೆ ಯಾರೂ ಮುಂದೆ ಬರಲಿಲ್ಲವೆಂದು ಅಕ್ಕ ಕೈ ಎತ್ತಿದಳು. ಆಗ ಅವಳಿಗೆ ಅರವತ್ತೊಂದು ವರ್ಷ. ಇಪ್ಪತ್ತೆರಡಕ್ಕೆ ವಿಧವೆಯಾಗಿ, ಮೂವತ್ತೈದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾಗಿ ನನ್ನ ಮನೆಗೆ ಬಂದಿದ್ದಳು. ನನ್ನ ಹೆಂಡತಿ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ನಾವಿಬ್ಬರೇ.

ಕಲ್ಲು ಇಡುವುದನ್ನು ಅವಳಿಗೆ ಕಲಿಸಿದವನು ಮಾಣಿಕಪ್ಪ. ಹುಮನಾಬಾದಿನ ಕಡೆಯವನು, ನಾಚಾರಂನಲ್ಲಿ ಇರುತ್ತಾನೆ, ಕಟ್ಟಡಗಳಲ್ಲಿ ಕಲ್ಲಿನ ಕೆಲಸ. ಒಂದು ಮಾಘದಲ್ಲಿ ಹರಕೆಗೆ ನಡೆದು ಬಂದವನು ಅಕ್ಕ ಕಲ್ಲಿನ ಜೊತೆ ಗುದ್ದಾಡುವುದನ್ನು ಕಂಡು, ಹೆಗಲಿನ ಗಂಟು ಇಳಿಸಿ ಅಲ್ಲೇ ನಿಂತನಂತೆ. ಆಮೇಲೆ ಭಾನುವಾರಗಳಲ್ಲಿ ಬರತೊಡಗಿದ. ಇಳಿಜಾರಿನ ದಾರಿಯಲ್ಲಿ ಮಳೆಯ ನೀರು ನೇರವಾಗಿ ಓಡಿದರೆ ಒಂದೇ ವರ್ಷಕ್ಕೆ ದಾರಿ ಹಳ್ಳವಾಗುತ್ತದೆ. ಅದಕ್ಕೆ ದಾರಿಗೆ ಓರೆಯಾಗಿ ಕಲ್ಲು ಹೂಳಬೇಕು, ಮೂರರಲ್ಲಿ ಎರಡು ಪಾಲು ನೆಲದೊಳಗೆ, ಒಂದು ಪಾಲು ಮೇಲೆ. ಬಂದ ನೀರು ಕಲ್ಲಿಗೆ ಹಾಯ್ದು ಪಕ್ಕದ ಪೊದೆಗೆ ಹೋಗುತ್ತದೆ. ಅಡ್ಡಗಲ್ಲು ಎಂದು ಅವನು ಕರೆಯುತ್ತಿದ್ದ. ಕಲ್ಲು ಇಡುವ ಮೊದಲು ಅಕ್ಕ ಕೊಡದಿಂದ ನೀರು ಸುರಿದು ಅದು ಹೋಗುವ ಕಡೆ ನೋಡುತ್ತಿದ್ದಳು. ಬೇಸಿಗೆಯಲ್ಲಿ ಕುಡಿಯುವ ನೀರನ್ನೂ ಸುರಿದುಬಿಡುತ್ತಿದ್ದಳು. ನಾನು ನೆರಳಿನಲ್ಲಿ ಕುಳಿತು ಸ್ತೋತ್ರ ಹೇಳುತ್ತಿದ್ದೆ.

"ಉಪ್ಯಾ, ನರಸಿಂಹಗ ನಿನ್ನ ಸ್ತೋತ್ರ ಬಾಯಿಪಾಠ ಆಗ್ಯದ. ಎದ್ದು ಆ ಬುಟ್ಟಿ ಹಿಡಿ" ಎನ್ನುತ್ತಿದ್ದಳು.

ಹನ್ನೆರಡು ವರ್ಷದಲ್ಲಿ ನಲವತ್ಮೂರು ಅಡ್ಡಗಲ್ಲುಗಳನ್ನು ಹೂಳಿದಳು. ಎರ್ರಗುಟ್ಟದ ದಾರಿ ಒಂದು ಮಳೆಗೂ ಕೆಡಲಿಲ್ಲ. ಹೋದ ವರ್ಷ ಜ್ಯೇಷ್ಠದಲ್ಲಿ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟಳು.

ಅವಳಿಗೆ ಮಕ್ಕಳಿಲ್ಲ. ಕರ್ಮ ಮಾಡಿದವನು ನಾನು. ಕರ್ಮ ಮಾಡಿದವನು ವರ್ಷ ತುಂಬುವವರೆಗೆ ದೇವರ ಬೆಟ್ಟ ಏರಬಾರದು. ನಮ್ಮ ತಂದೆಯ ಕಾಲದಿಂದ ನಡೆದು ಬಂದದ್ದು. ನಾನು ಏರಲಿಲ್ಲ. ಮಾರ್ಗಶಿರದಲ್ಲಿ ಯಶವಂತ ಫೋನು ಮಾಡಿದ. ಒಂದು ಕಂಪನಿಯಿಂದ ಇನ್ನೂರು ಜನ ಒಂದು ದಿನ ಶ್ರಮದಾನಕ್ಕೆ ಬರುತ್ತಾರೆ, ಎರ್ರಗುಟ್ಟವನ್ನು ಚೆನ್ನಾಗಿ ಮಾಡುತ್ತಾರೆ, ಅಕ್ಕನವರ ನೆನಪಿಗೂ ಏನಾದರೂ ಮಾಡಬೇಕೆಂದಿದ್ದಾರೆ ಎಂದ. "ನಾ ಬರೋಹಂಗಿಲ್ಲಪ್ಪ, ನಿಮಗ ತಿಳಿದಂಗ ಮಾಡ್ರಿ" ಎಂದೆ. ಏನು ಮಾಡುತ್ತೀರಿ ಎಂದು ಕೇಳಲಿಲ್ಲ.

ಫಾಲ್ಗುಣದಲ್ಲಿ ಮಾಣಿಕಪ್ಪ ಮನೆಗೆ ಬಂದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

"ರಾಯರ, ಅಕ್ಕಾವರ ಕಲ್ಲೆಲ್ಲಾ ಕಿತ್ತಾರ್ರಿ."

"ಯಾರು?"

"ಎಲ್ಲಾರೂ ಒಂದ ಬಣ್ಣದ ಅಂಗಿ ಹಾಕ್ಕೊಂಡು ಬಂದಿದ್ರಲ್ರಿ, ಅವರು. ಕಾಲಿಗಿ ಎಡವತಾವಂತ. ಆ ಕಲ್ಲಿಲೇ ಒಂದ್ ಕಟ್ಟಿ ಕಟ್ಟಿ, ಮ್ಯಾಲ ಅಕ್ಕಾವರ ಹೆಸರು ಹಾಕ್ಯಾರ. ಮಂದಿ ಕುಂತು ಫೋಟೋ ಹೊಡಕೊಳ್ಳಾಕತ್ತಾರ. ಮಳಿಗಾಲ ಬರೂದರಾಗ ನೀವು ಬಂದು ಒಂದ್ ಮಾತು ಹೇಳ್ರಿ. ನಾ ಕೂಲಿ ಮನಷ್ಯಾ, ನನ್ನ ಮಾತು ಯಾರ್ ಕೇಳ್ತಾರ?"

"ವರ್ಷ ಆಗೋತನಕ ನಾ ಗುಡ್ಡಾ ಏರೋಹಂಗಿಲ್ಲ, ಮಾಣಿಕಪ್ಪ."

"ಏರಬ್ಯಾಡ್ರಿ. ಬುಡಕ್ಕ ನಿಂತು ಬೈರಿ."

ನಾನು ಅವನಿಗೆ ಚಹಾ ಕೊಟ್ಟು ಕಳಿಸಿದೆ. ಜಪಕ್ಕೆ ಕುಳಿತೆ. ಇನ್ನು ಮೂರು ತಿಂಗಳು, ಆಮೇಲೆ ನೋಡೋಣ ಎಂದುಕೊಂಡೆ. ಮಳೆ ನನ್ನ ಪಂಚಾಂಗ ನೋಡಿ ಬರುವುದಿಲ್ಲ ಎಂಬುದು ಎಪ್ಪತ್ತು ವರ್ಷದವನಿಗೆ ಹೊಳೆಯಲಿಲ್ಲ.

ವರ್ಷಾಬ್ದಿಕ ಮುಗಿದ ಮೇಲೆ ಆಷಾಢದಲ್ಲಿ ಹೋದೆ. ಅಷ್ಟರಲ್ಲಿ ನಾಲ್ಕು ದೊಡ್ಡ ಮಳೆ ಬಿದ್ದಿದ್ದವು. ಬಂಡೆಯ ಕೆಳಗಿನ ಕಡಿದಾದ ಏರಿನಲ್ಲಿ ದಾರಿಯ ನಡುವೆ ಮೊಣಕಾಲು ಮುಳುಗುವ ಕೊರಕಲು ಬಿದ್ದಿತ್ತು. ಗರಸೆಲ್ಲ ಕೊಚ್ಚಿಹೋಗಿ ಬೇರುಗಳು ಹೊರಗೆ ಬಂದಿದ್ದವು. ಗುಡ್ಡದ ಬುಡದಲ್ಲಿ, ಹುಣಸೆಮರದ ಕೆಳಗೆ, ಅಚ್ಚುಕಟ್ಟಾದ ಕಟ್ಟೆ ಇತ್ತು. ಅದರ ಮೇಲೆ ಹೊಳೆಯುವ ಕರಿಕಲ್ಲಿನ ಹಲಗೆ, 'ಶ್ರೀಮತಿ ಸಾವಿತ್ರಿಬಾಯಿಯವರ ಪ್ರೀತಿಯ ನೆನಪಿಗೆ'. ನಾನು ಕಟ್ಟೆಯ ಕಲ್ಲುಗಳನ್ನು ಮುಟ್ಟಿ ನೋಡಿದೆ. ಒಂದೊಂದೂ ನನಗೆ ಗುರುತಿತ್ತು. ಬುಟ್ಟಿ ಹಿಡಿಯದೆ ಕುಳಿತು ನೋಡಿದವನು ನಾನೇ ಅಲ್ಲವೇ. ದೇವರ ಮುಂದೆ ಆಡಬಾರದ ಮಾತು ಬಾಯಿಗೆ ಬಂತು. ನರಸಿಂಹನ ಹತ್ತಿರ ಹೋಗದೆ ಹಿಂದಿರುಗಿದೆ.

ಆ ವಾರವೇ ಹಿಮಾಯತ್‌ನಗರದ ಆ ಸಭೆ ಕರೆದಿದ್ದರು. ಆ ಕೊರಕಲಿನಲ್ಲಿ ಒಬ್ಬ ಹುಡುಗಿಯ ಕಾಲಿನ ಎಲುಬು ಮುರಿದಿತ್ತು. ಎರ್ರಗುಟ್ಟವನ್ನು ಬಿಟ್ಟು ದಾರಿಯನ್ನು ಹೆದ್ದಾರಿಯ ಅಂಚಿಗೆ ಹೊರಳಿಸಬೇಕೆಂಬುದು ಅವರ ಯೋಚನೆ.

"ನಾಲ್ಕು ಕಿಲೋಮೀಟರು ಲಾರಿಗಳ ಪಕ್ಕ ನಡೀತಾರೇನು?" ಎಂದು ಕೇಳಿದೆ. "ಮಾಘದಾಗ ಬರಿಗಾಲಿಲೆ ಮುದುಕೇರು ಬರ್ತಾರ. ನಸುಕಿನ್ಯಾಗ ನಡೀತಾರ. ಲಾರಿಯವ ನೋಡ್ತಾನೇನು?"

"ಬೇರೆ ದಾರಿ ಇಲ್ಲ ಸಾರ್. ಗುಟ್ಟ ರಿಪೇರಿ ಮಾಡೋರು ಯಾರು?"

"ಕೆಡಿಸಿದವರು ಮಾಡ್ಲಿ."

ಗೋಡೆಯ ಪಕ್ಕ ಕುಳಿತಿದ್ದ ಹರ್ಷಿತಾ ತಲೆ ಎತ್ತಿದಳು. ಮಂಗಳೂರಿನ ಕಡೆಯ ಹುಡುಗಿ. ಆ ಕಂಪನಿಯಲ್ಲೇ ಕೆಲಸ, ಇನ್ನೂರು ಜನರನ್ನು ಕರೆತಂದವಳು ಅವಳೇ.

"ಅಂಕಲ್, ಆ ಕಲ್ಲು ತೆಗೀಲಿಕ್ಕೆ ನಾನೇ ಹೇಳಿದ್ದು. ನಮ್ಮವರಲ್ಲಿ ಇಬ್ಬರು ಎಡವಿ ಬಿದ್ದಿದ್ರು. ಅದು ನೀರಿಗೆ ಇಟ್ಟದ್ದು ಅಂತ ನಮಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ಲದಿದ್ರ ಕೇಳಬೇಕಲ್ಲ? ನಲವತ್ಮೂರು ಕಲ್ಲು ತಾವ ನಡಕೋತ ಬಂದು ಓರೆ ಮಲಗಿದ್ವೇನು? ಒಬ್ಬರ ತಲ್ಯಾಗೂ ಬರಲಿಲ್ಲೇನು, ಇದನ್ನ ಯಾರೋ ಇಟ್ಟಾರ ಅಂತ? ಓದಿದವರು ಇನ್ನೂರು ಮಂದಿ."

"ನಿಮಗೆ ಫೋನ್ ಮಾಡಿ ಕೇಳಿದೆವಲ್ಲ ಅಂಕಲ್. ತಿಳಿದ ಹಾಗೆ ಮಾಡಿ ಅಂತ ಹೇಳಿದ್ರಂತೆ ನೀವು."

ಅವಳು ಅದನ್ನು ಕೆಣಕಲೆಂದು ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೇ. ಅದಕ್ಕೆ ನನ್ನ ಸಿಟ್ಟು ಇನ್ನೂ ಏರಿತು. ಮೇಜು ಗುದ್ದಿದೆ. ಯಾರದೋ ಚಹಾ ಚೆಲ್ಲಿತು. ಕೊನೆಗೆ ಯಶವಂತ ಹೇಳಿದ, "ಆಯ್ತು ಸಾರ್. ಕಟ್ಟೆ ಒಡೆದು ಕಲ್ಲು ಮತ್ತೆ ಹೂಳಿ. ಎರಡು ಭಾನುವಾರ ಟೈಮ್ ಕೊಡ್ತೀವಿ. ಎರಡನೇ ಭಾನುವಾರ ನಾನೇ ಬಂದು ನೋಡ್ತೀನಿ. ಆ ಏರು ನಡೆಯೋ ಹಾಗಿದ್ರೆ ಗುಟ್ಟ ಉಳಿಯುತ್ತೆ. ಇಲ್ಲಾಂದ್ರೆ ದಾರಿ ತೋರಿಸೋ ಬೋರ್ಡು ಹೆದ್ದಾರಿಗೆ ಹಾಕ್ತೀವಿ. ಆಮೇಲೆ ನೀವು ಬೇಜಾರು ಮಾಡ್ಕೋಬಾರದು."

ಮೊದಲನೆಯ ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಮಾಣಿಕಪ್ಪನೂ ಹೋದೆವು. ಅವನ ಕೈಯಲ್ಲಿ ಎರಡು ಹಾರೆ, ಒಂದು ಸುತ್ತಿಗೆ. ದಾರಿಯುದ್ದಕ್ಕೂ ನಾನು ಕಂಪನಿಯವರನ್ನು ಬೈದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಇಳಿದು ನಡೆಯುವಾಗ ಕೇಳಿದೆ, "ನೀ ಯಾಕ ಮಾತಾಡವಲ್ಲಿ?"

"ಏನ್ ಮಾತಾಡೂದ್ರಿ? ಅವರು ತಿಳಿಲಾರ್ದ ಕಿತ್ತರು. ನೀವು ತಿಳಿದು ಕುಂತ್ರಿ."

ನಾನು ನಿಂತೆ. ಅವನು ನಿಲ್ಲಲಿಲ್ಲ.

"ಶಾಸ್ತ್ರ ಇರತದಪ್ಪ" ಎಂದೆ ಹಿಂದಿನಿಂದ.

"ಇರಲ್ರಿ. ನಮ್ಮವ್ವ ಸತ್ತ ಮೂರನೇ ದಿನ ನಾ ಕೆಲಸಕ್ಕ ಹೋಗೀನಿ. ನಮಗ ಶಾಸ್ತ್ರ ಮಾಡಾಕ ಪುರಸತ್ತ ಎಲ್ಲೈತಿ? ಆದ್ರ ಒಂದ್ ಮಾತು ಕೇಳ್ತೀನಿ. ದೇವರ ದರ್ಶನ ಮಾಡಬಾರದು ಅಂತಾರ, ಸರಿ. ದೇವರ ಹಾದ್ಯಾಗಿನ ಮಣ್ಣು ಬಳೀಬಾರದು ಅಂತ ಯಾವ ಪುಸ್ತಕದಾಗ ಐತ್ರಿ? ಫೋನ್ ಮಾಡಬಾರದು ಅಂತ ಎಲ್ಲಿ ಬರದಾರ?"

ಅವನ ವಯಸ್ಸು ಐವತ್ತು ದಾಟಿರಲಿಲ್ಲ. ನನಗೆ ಯಾರೂ ಹೀಗೆ ಹೇಳಿದವರಿರಲಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು. ತಿರುಗಿ ಬಸ್ಸಿಗೆ ಹೋಗಿಬಿಡಬೇಕೆನಿಸಿತು. ಹೋಗಿದ್ದರೆ ಹೆದ್ದಾರಿಗೆ ಬೋರ್ಡು ಬೀಳುತ್ತಿತ್ತು. ಅವನ ಹಿಂದೆ ನಡೆದೆ.

ಕಟ್ಟೆಯ ಹತ್ತಿರ ಹರ್ಷಿತಾ ನಿಂತಿದ್ದಳು. ಒಬ್ಬಳೇ ಬಂದಿದ್ದಳು. ಕೈಗೆ ತೋಟದ ಕೆಲಸದ ಗವಸು ಹಾಕಿಕೊಂಡಿದ್ದಳು.

"ಫೋಟೋ ತೆಗೀಲಿಕ್ಕೆ ಬಂದೆಯೇನಮ್ಮ?" ಎಂದೆ.

"ಬೈಯುವುದಾದ್ರೆ ಬೈಯಿರಿ ಅಂಕಲ್. ಆದ್ರೆ ಕೆಲಸ ಹೇಳಿ ಬೈಯಿರಿ."

ಮಾಣಿಕಪ್ಪ ನಕ್ಕ. ನಾನು ನಗಲಿಲ್ಲ. ಹಾರೆ ತೆಗೆದುಕೊಂಡು ಕಟ್ಟೆಗೆ ಹಾಕಿದೆ. ಮೈಯಲ್ಲಿದ್ದ ಸಿಟ್ಟನ್ನೆಲ್ಲ ಕೂಡಿಸಿ ಹೊಡೆದೆ. ಕಟ್ಟೆ ಅಲುಗಲಿಲ್ಲ. ಕಲ್ಲಿನಿಂದ ಕಲ್ಲಿಗೆ ಸಿಮೆಂಟು ತುಂಬಿದ್ದರು. ಮಾಣಿಕಪ್ಪ ನನ್ನ ಕೈಯಿಂದ ಹಾರೆ ಇಸಿದುಕೊಂಡು, ಕಟ್ಟೆಯನ್ನು ಒಂದು ಸುತ್ತು ಹಾಕಿ, ಮೂಲೆಯ ಒಂದು ಸಂದಿಗೆ ಅದರ ಮೊನೆ ಇಟ್ಟು ಸುತ್ತಿಗೆಯಿಂದ ನಾಲ್ಕು ಸಲ ಬಡಿದ. ಮೂಲೆ ಬಿಚ್ಚಿಕೊಂಡಿತು.

ಒಡೆದ ಮೇಲೆ ಇನ್ನೊಂದು ಸಂಗತಿ ಕಂಡಿತು. ಕಟ್ಟೆ ನೆಟ್ಟಗೆ ಕಾಣಲೆಂದು ಬಹಳ ಕಲ್ಲುಗಳ ತಲೆಯನ್ನು ಕೆತ್ತಿ ಹಾಕಿದ್ದರು. ಹೂಳುವುದಕ್ಕೆ ಉದ್ದವೇ ಉಳಿದಿರಲಿಲ್ಲ. ಒಂದೊಂದು ಕಲ್ಲನ್ನೂ ಮಾಣಿಕಪ್ಪ ಮೊಳ ಹಾಕಿ ನೋಡಿ ಬದಿಗಿಟ್ಟ. ನಲವತ್ಮೂರರಲ್ಲಿ ಬಾಳುವವು ಹದಿನಾರು.

"ಕಡಿದಾದ ಏರಿಗೆ ಎಷ್ಟು ಬೇಕು?" ಎಂದು ಹರ್ಷಿತಾ ಕೇಳಿದಳು.

"ಹನ್ನೊಂದು ಸಾಕಬೇ. ಉಳದದ್ದು ಆಮ್ಯಾಲ ಗುಡ್ಡದಾಗ ಹುಡುಕೂಣ."

ಕರಿಕಲ್ಲಿನ ಹಲಗೆ ಮಾತ್ರ ಒಡೆಯದೆ ಹೊರಬಂತು. ಇದನ್ನೇನು ಮಾಡಲಿ ಎಂದು ಅವಳು ಕೇಳಿದಳು.

"ನಿಮ್ಮ ಆಫೀಸಿಗೆ ಒಯ್ಯಿ. ಬಾಗಿಲ ಮುಂದ ಇಡು. ಎಲ್ಲಾರೂ ಎಡವಲಿ" ಎಂದೆ.

ಅವಳ ಮುಖ ಕೆಂಪಾಯಿತು. ಹಲಗೆಯನ್ನು ಹುಣಸೆಮರಕ್ಕೆ ಒರಗಿಸಿ, ಮೊದಲ ಕಲ್ಲನ್ನು ಅಪ್ಪಿ ಹಿಡಿದು ಏರು ಹತ್ತತೊಡಗಿದಳು. ಹತ್ತು ಹೆಜ್ಜೆಗೆ ಇಳಿಸಿದಳು. ಮತ್ತೆ ಎತ್ತಿದಳು. ಅಕ್ಕನೂ ಹಾಗೆಯೇ ಮಾಡುತ್ತಿದ್ದಳು. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಆ ದಿನ ಕೊರಕಲಿಗೆ ಬುಟ್ಟಿಯಲ್ಲಿ ಕಲ್ಲುಚೂರು ಗರಸು ಹೊತ್ತು ತುಂಬುವುದರಲ್ಲೇ ಹೊತ್ತು ಹೋಯಿತು. ನಾನು ಮೂವತ್ತು ಬುಟ್ಟಿ ಹೊತ್ತೆ. ಅಂಗೈಯಲ್ಲಿ ಬೊಕ್ಕೆ ಎದ್ದವು. ವಾರದ ನಡುವೆ ಮಾಣಿಕಪ್ಪ ಎರಡು ದಿನದ ಕೂಲಿ ಬಿಟ್ಟು ಬಂದ. ಹರ್ಷಿತಾ ರಜೆ ಹಾಕಿ ಬಂದಳು. ನಾನೂ ಹೋಗಿದ್ದೆ. ಹತ್ತು ಕಲ್ಲುಗಳನ್ನು ಅವರಿಬ್ಬರೇ ಇಟ್ಟರು. ನೀರು ಸುರಿದು, ನೋಡಿ, ಓರೆ ತಿದ್ದಿ, ಮತ್ತೆ ಸುರಿದು. ಹನ್ನೊಂದನೆಯದನ್ನು ನಾನು ಇಡುತ್ತೇನೆಂದೆ.

"ನೀರು ಹಾಕಿ ನೋಡ್ರಿ ರಾಯರ" ಎಂದು ಮಾಣಿಕಪ್ಪ ಮೇಲಿನಿಂದ ಕೂಗಿದ.

"ಹನ್ನೆರಡು ವರ್ಷ ನೋಡೀನಿ, ನನಗ ಗೊತ್ತದ" ಎಂದೆ. ಗುಂಡಿ ತೋಡಿ, ಕಲ್ಲು ಇಳಿಸಿ, ಸುತ್ತ ಗರಸು ಜಡಿದೆ. ಸೊಂಟ ಹಿಡಿದುಕೊಂಡಿತು. ಆದರೂ ಒಂದು ಕಲ್ಲಿಗೆ ನನ್ನ ಕೈ ಬಿತ್ತಲ್ಲ ಎನಿಸಿತು.

ಎರಡನೆಯ ಭಾನುವಾರ ನಸುಕಿನಿಂದಲೇ ಮೋಡ ಕಟ್ಟಿತ್ತು. ಯಶವಂತ ಬರುವ ಹೊತ್ತಿಗೆ ಮಳೆ ಶುರುವಾಯಿತು. ಮಳೆಯಂಗಿ ಹಾಕಿಕೊಂಡು ಬಂದವನು ಕಾರಿನಲ್ಲೇ ಕುಳಿತಿರುತ್ತೇನೆ, ಮಳೆ ನಿಲ್ಲಲಿ ಎಂದ.

"ನಿಂತ ಮೇಲೆ ಏನು ನೋಡ್ತೀ? ಈಗ ಬಾ" ಎಂದು ಕೈ ಹಿಡಿದು ಎಳೆದೆ.

ನಾಲ್ವರೂ ನೆನೆಯುತ್ತ ಏರಿದೆವು. ಬಂಡೆಯ ಕೆಳಗೆ ನಿಂತು ನೋಡಿದರೆ ಕೆಂಪು ನೀರು ದಾರಿಯ ಮೇಲೆ ಹರಿದು ಬರುತ್ತಿತ್ತು. ಮೊದಲನೆಯ ಕಲ್ಲಿಗೆ ಹಾಯ್ದು ಎಡಕ್ಕೆ ಹೊರಳಿ ಪೊದೆಯೊಳಗೆ ಹೋಯಿತು. ಎರಡನೆಯದಕ್ಕೂ ಹಾಗೆಯೇ. ಯಶವಂತ ಇಳಿಯುತ್ತ ಒಂದೊಂದೇ ಕಲ್ಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ನೋಡಿದ. ಏಳನೆಯದರ ಹತ್ತಿರ ಬೂಟಿನಿಂದ ಒದ್ದು ನೋಡಿದ. ಅದು ಮಿಸುಕಲಿಲ್ಲ. ಹತ್ತನೆಯದೂ ನೀರನ್ನು ಪಕ್ಕಕ್ಕೆ ಕಳಿಸಿತು.

ಹನ್ನೊಂದನೆಯದರ ಮೇಲೆ ನೀರು ಹತ್ತಿ, ನಡುವೆ ಹಾರಿ, ಕೆಳಗೆ ಧಾರೆಯಾಗಿ ಬಿದ್ದು, ಆಗಲೇ ಒಂದು ಗುಳಿ ಮಾಡಿತ್ತು.

"ಇದ್ಯಾಕೆ ಹೀಗೆ?" ಎಂದ ಯಶವಂತ.

"ಅದು ರಾಯರದ್ರಿ" ಎಂದ ಮಾಣಿಕಪ್ಪ.

ಹರ್ಷಿತಾ ಬೇರೆ ಕಡೆ ಮುಖ ತಿರುಗಿಸಿದಳು. ಅವಳ ಹೆಗಲು ಅಲುಗುತ್ತಿತ್ತು. ನಗಲಿ ಎಂದುಕೊಂಡೆ. ಯಶವಂತ ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದ.

"ಹತ್ತು ಕಲ್ಲು ನಿಂತಿದೆ ಸಾರ್. ಗುಟ್ಟ ಇರಲಿ. ಬೋರ್ಡು ಬದಲಾಯಿಸಲ್ಲ" ಎಂದ. ಸ್ವಲ್ಪ ತಡೆದು, "ಪಾಲು ಇನ್ನೂ ನಿಮ್ಮ ಅಕ್ಕನವರ ಹೆಸರಿನಲ್ಲೇ ಇದೆ. ಇನ್ನು ನಿಮ್ಮ ಹೆಸರಿಗೆ ಬರೀತೀನಿ" ಎಂದ.

"ಹನ್ನೆರಡು ವರ್ಷದಿಂದ ಭಾನುವಾರ ಭಾನುವಾರ ಈ ಗುಡ್ಡಕ್ಕ ಬಂದವನ ಹೆಸರು ನಿಮ್ಮ ಪಟ್ಟಿಯೊಳಗ ಅದ ಏನು?" ಎಂದು ಕೇಳಿದೆ.

"ಯಾರು, ಮಾಣಿಕಪ್ಪನಾ? ಅವರು ಅಕ್ಕನವರು ಕರ್ಕೊಂಡು ಬರ್ತಿದ್ದ ಕೂಲಿ ಅಲ್ವಾ?"

ಮಾಣಿಕಪ್ಪ ಸಲಿಕೆಯ ಮಣ್ಣು ಕೆರೆಯುತ್ತಿದ್ದ. ಯಶವಂತನನ್ನು ಬೈಯಲು ಬಾಯಿ ತೆರೆದೆ. ಆದರೆ ಹನ್ನೆರಡು ವರ್ಷ ಸಂಘದ ಸಭೆಗಳಿಗೆ ಹೋದವನು ನಾನು. ಒಮ್ಮೆಯೂ ಈ ಹೆಸರು ಹೇಳಿದವನಲ್ಲ. ಬಾಗಿಲಲ್ಲಿ ನಿಂತವನಿಗೆ ಒಳಗೆ ಬಾ ಎಂದವನೂ ಅಲ್ಲ.

"ಕೂಲಿ ಅಲ್ಲ. ಒಂದು ಪೈಸೆ ಮುಟ್ಟಿಲ್ಲ. ಅವನ ಹೆಸರಿಗೆ ಬರಿ" ಎಂದೆ. "ಎರ್ರಗುಟ್ಟ, ಮಾಣಿಕಪ್ಪ. ಈಗ ನನ್ನ ಮುಂದ ಬರಿ."

ಅವನು ಮಳೆಯಂಗಿಯೊಳಗಿನಿಂದ ಫೋನು ತೆಗೆದು, ಮೈಯಿಂದ ಮರೆ ಮಾಡಿಕೊಂಡು ಬರೆದ. ಹರ್ಷಿತಾ ಬಗ್ಗಿ ನೋಡಿ, "ಮಾನಿ ಅಲ್ಲ, ಮಾಣಿ" ಎಂದು ತಿದ್ದಿಸಿದಳು.

"ರಾಯರ, ನೀವು?" ಎಂದ ಮಾಣಿಕಪ್ಪ.

"ನಾ ನಿನ್ನ ಕೈಕೆಳಗ. ಹೇಳಿದ್ದು ಮಾಡ್ತೀನಿ."

"ಖರೇನ?"

"ಖರೇ."

ಅವನು ಮುಖದ ಮೇಲಿನ ನೀರು ಒರೆಸಿಕೊಂಡ. ನನ್ನನ್ನೂ ಕಲ್ಲನ್ನೂ ನೋಡಿದ.

"ಹಂಗಾದ್ರ ಮೊದಲು ನಿಮ್ಮ ಕಲ್ಲು ಕೀಳ್ರಿ. ದೇವರ ಕಡಿ ಆಮ್ಯಾಲ ಹೋಗೂಣ."

ನಾನು ಹಾರೆ ತೆಗೆದುಕೊಂಡೆ. ಜಡಿದ ಗರಸು ಆಗಲೇ ಗಟ್ಟಿಯಾಗಿತ್ತು. ಮೂರನೆಯ ಪೆಟ್ಟಿಗೆ ಕಲ್ಲು ಅಲುಗಿತು.